ಡಬ್ಬಿಯಲ್ಲಿ ಪುಡಿಯಿದ್ದರೆ ಅರ್ಧ ಅಡುಗೆ ಆದಂತೆ

ಉಪ್ಪಿಗಿಂತ ರುಚಿಯಿಲ್ಲ ಎಂದು ಹಿರಿಯರು ಗಾದೆ ಕಟ್ಟಿದ್ದಾರೆ. ನಿಜವೇ. ಆದರೆ ಬರೀ ಉಪ್ಪು ಹಾಕಿದ ಬೇಳೆಕಟ್ಟನ್ನು ಎಷ್ಟು ದಿನ ಉಂಡಾರು, ನೀವೇ ಹೇಳಿ! ಬೇಳೆ ಬೆಂದು, ಹುಣಸೆಹುಳಿ ಕುದಿದು, ಮೇಲೆ ಎರಡು ಚಮಚ ಪುಡಿ ಬಿದ್ದಾಗಲೇ ಅದಕ್ಕೆ ಸಾರು ಅನ್ನೋ ಹೆಸರು. ಆ ಎರಡು ಚಮಚ ಹದವಾಗಿದ್ದರೆ ಮಕ್ಕಳು ಕೈ ನೆಕ್ಕಿಕೊಂಡು ಏಳುತ್ತಾರೆ. ಹದ ತಪ್ಪಿದರೆ ಎಷ್ಟು ತುಪ್ಪ ಹಾಕಿ ಒಗ್ಗರಣೆ ಕೊಟ್ಟರೂ ಅಷ್ಟೇ.

ನಮ್ಮ ಬೂದಿಕೋಟೆ ಬಂಗಾರಪೇಟೆ ತಾಲ್ಲೂಕಿನ ಒಂದು ಹೋಬಳಿ. ಹೈದರಾಲಿ ಹುಟ್ಟಿದ ಊರೆಂದು ನಿಮ್ಮಲ್ಲಿ ಕೆಲವರು ಓದಿರಬಹುದು. ಈ ಕಡೆಯ ಮನೆಗಳಲ್ಲಿ ಒಲೆ ಹಚ್ಚುವ ಹೊತ್ತನ್ನು ಈಗ ರೈಲು ನಿರ್ಧರಿಸುತ್ತದೆ. 2001ರಲ್ಲಿ ಕೆ.ಜಿ.ಎಫ್.ನ ಚಿನ್ನದ ಗಣಿ ಮುಚ್ಚಿದ ಮೇಲಂತೂ ಮಾರಿಕುಪ್ಪಂ, ಊರಿಗಾಂ, ಬಂಗಾರಪೇಟೆ ಸ್ಟೇಷನ್ನುಗಳಿಂದ ಬೆಂಗಳೂರಿಗೆ ದಿನವೂ ದುಡಿಯಲು ಹೋಗಿಬರುವವರು ಸಾವಿರಾರು ಜನ. ಅವರ ಬುತ್ತಿ ಬೆಳಕು ಹರಿಯುವ ಮುಂಚೆ ಸಿದ್ಧವಾಗಬೇಕು. ಆ ಹೊತ್ತಿನಲ್ಲಿ ನಿಂತಿರುವ ಹೆಂಗಸಿಗೆ ‘ಧನಿಯ ಹುರಿ, ಮೆಣಸಿನಕಾಯಿ ಅರಿ’ ಎಂದರೆ ಸಿಟ್ಟು ಬಂದೀತು. ಆಕೆ ಅಂಗಡಿಯಿಂದ ಪೊಟ್ಟಣ ತಂದು ಸುರಿದರೆ ತಪ್ಪೆನ್ನಲು ನಾನಂತೂ ಸಿದ್ಧಳಿಲ್ಲ.

ನಾನು ಹೇಳಹೊರಟಿರುವುದು ಇಷ್ಟೇ: ತಿಂಗಳಿಗೆ ಒಂದು ಮಧ್ಯಾಹ್ನವನ್ನು ಪುಡಿಗೆ ಕೊಡಿ, ಮೂವತ್ತು ಬೆಳಗು ಹಗುರಾಗುತ್ತದೆ. ಮಾಡಿದ ಪುಡಿಯ ಅಳತೆಯನ್ನು ಒಂದು ಕಾಗದದಲ್ಲಿ ಬರೆದಿಡಿ. ಪುಡಿಯ ಡಬ್ಬಿಗಿಂತ ಈ ಕಾಗದವೇ ದೊಡ್ಡದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹೊಲದಿಂದ ಡಬ್ಬಿಗೆ

ಕೋಲಾರ ಸೀಮೆ ಮಳೆ ನಂಬಿದ ಸೀಮೆ. ರಾಗಿ ಹೊಲದಲ್ಲಿ ಸಾಲುಬಿಟ್ಟು ಸಾಲು ಅಕ್ಕಡಿ ಹಾಕುವುದು ನಮ್ಮ ಹಿರಿಯರ ಪದ್ಧತಿ. ರಾಗಿಯ ನಡುವೆ ಅವರೆ, ತೊಗರಿ, ಸಾಸಿವೆ, ಹುಚ್ಚೆಳ್ಳು, ಬದುವಿನಲ್ಲಿ ನಾಲ್ಕು ಹರಳು ಗಿಡ. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಕೈಹಿಡಿಯಲಿ ಎಂಬ ಎಚ್ಚರ ಅದು. ನೋಡಿ, ಮುದ್ದೆಗೆ ರಾಗಿ, ಸಾರಿಗೆ ಬೇಳೆ ಕಾಳು, ಒಗ್ಗರಣೆಗೆ ಸಾಸಿವೆ, ಚಟ್ನಿಪುಡಿಗೆ ಹುಚ್ಚೆಳ್ಳು, ಮೆಣಸಿನಕಾಯಿ ಹುರಿಯುವಾಗ ಬಿಡುವ ನಾಲ್ಕು ತೊಟ್ಟು ಹರಳೆಣ್ಣೆ, ಎಲ್ಲ ಒಂದೇ ಹೊಲದಲ್ಲಿ! ಹುಣಸೆಮರವಂತೂ ಊರ ಸುತ್ತ ಇದ್ದೇ ಇತ್ತು. ಅಂಗಡಿಯಿಂದ ಬರುತ್ತಿದ್ದುದು ಮೆಣಸು, ಜೀರಿಗೆ, ಇಂಗು, ಚಕ್ಕೆ, ಲವಂಗ ಇಷ್ಟೇ.

ಮೆಣಸಿನಕಾಯಿ ಕೂಡ ಹೊರಗಿನಿಂದ ಬಂದ ನೆಂಟನೇ. ಸುಮಾರು 500 ವರ್ಷಗಳ ಹಿಂದೆ ಪೋರ್ಚುಗೀಸರು ಅಮೆರಿಕದ ಕಡೆಯಿಂದ ಇದನ್ನು ನಮ್ಮ ದೇಶಕ್ಕೆ ತಂದರು. ಅದಕ್ಕೂ ಮುಂಚೆ ನಮ್ಮ ಅಡುಗೆಗೆ ಖಾರ ಕೊಡುತ್ತಿದ್ದುದು ಮೆಣಸು. ಹೊಸ ಕಾಯಿಗೆ ‘ಮೆಣಸಿನ ಕಾಯಿ’ ಎಂದು ಹಳೆಯ ಖಾರದ ಹೆಸರನ್ನೇ ಇಟ್ಟುಬಿಟ್ಟರು. ಇಂದಿಗೂ ಜ್ವರ ಬಂದವರಿಗೆ, ಬಾಣಂತಿಗೆ ಮೆಣಸಿನ ಸಾರು ಮಾಡುವಾಗ ನಾವು ಆ ಹಳೆಯ ಅಡುಗೆಗೇ ಹಿಂದಿರುಗುತ್ತೇವೆ.

ನಮ್ಮದು ಮೂರು ಭಾಷೆ ಬೆರೆತ ಸೀಮೆಯೂ ಹೌದು. ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ತಮಿಳು ಕೇಳುತ್ತದೆ, ಮೂರು ಬಗೆಯ ಘಮವೂ ಬರುತ್ತದೆ. ಕನ್ನಡದವರ ಮನೆಯಲ್ಲಿ ಸಾರಿನ ಪುಡಿ ಬೇರೆ, ಹುಳಿಪುಡಿ ಬೇರೆ. ತೆಲುಗಿನವರಲ್ಲಿ ಅನ್ನಕ್ಕೆ ಕಲಸಿಕೊಳ್ಳುವ ಖಾರದ ಪುಡಿಗಳದೇ ದರ್ಬಾರು. ಗಣಿಯ ಕಾಲೋನಿಗಳಲ್ಲಿರುವ ತಮಿಳು ಮನೆಗಳಲ್ಲಿ ಮೆಣಸಿನಕಾಯಿ, ಧನಿಯ, ಬೇಳೆ, ಅರಿಶಿನ ಎಲ್ಲ ಸೇರಿಸಿ ಮಿಲ್ಲಿನಲ್ಲಿ ಬೀಸಿಸಿದ ಒಂದೇ ಕೊಳಂಬು ಪುಡಿ ಹೆಚ್ಚಿನ ಅಡುಗೆಗೆಲ್ಲ ಆಗುತ್ತದೆ. ಯಾವುದೂ ಹೆಚ್ಚಲ್ಲ, ಯಾವುದೂ ಕಡಿಮೆಯಲ್ಲ. ಆಯಾ ಮನೆಯ ನಾಲಿಗೆ ಆಯಾ ಪುಡಿಗೆ ಒಗ್ಗಿದೆ, ಅಷ್ಟೇ.

ಮನೆಯಲ್ಲೇ ಯಾಕೆ?

‘ಇಷ್ಟೆಲ್ಲ ಯಾರು ಮಾಡ್ತಾರೆ, ಅಂಗಡೀಲಿ ಸಿಗುತ್ತಲ್ಲ’ ಎನ್ನುವವರಿಗೆ ಒಂದು ಮಾತು. ಮುಂದಿನ ಸಲ ಪೊಟ್ಟಣ ತಂದಾಗ ಅದರ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುವ ಸಾಮಗ್ರಿಗಳ ಪಟ್ಟಿ ಓದಿ. ತೂಕದಲ್ಲಿ ಹೆಚ್ಚಿರುವುದನ್ನು ಮೊದಲು, ಕಡಿಮೆಯಿರುವುದನ್ನು ಕೊನೆಗೆ ಬರೆಯಬೇಕೆಂದು ಕಾನೂನಿದೆ. ಉಪ್ಪು ಎಷ್ಟನೆಯ ಜಾಗದಲ್ಲಿದೆ ನೋಡಿ. ಮುಂದಾಗಿದ್ದರೆ ಧನಿಯ, ಮೆಣಸಿನಕಾಯಿಯ ಬೆಲೆ ಕೊಟ್ಟು ಉಪ್ಪು ತಂದಂತಾಯಿತು. ಮನೆಯಲ್ಲಿ ರಕ್ತದೊತ್ತಡದವರಿದ್ದರೆ, ಪುಡಿಯಲ್ಲೂ ಉಪ್ಪು, ಸಾರಿಗೂ ಉಪ್ಪು ಎಂದಾಗುವುದು ಒಳ್ಳೆಯದಲ್ಲ.

ಇನ್ನು ಕಲಬೆರಕೆ. ಮೆಣಸಿನಪುಡಿಗೆ ಸೂಡಾನ್ ಎಂಬ ಕೈಗಾರಿಕೆಯ ಬಣ್ಣ ಬೆರೆಸಿದ್ದು ಗೊತ್ತಾಗಿ 2005ರಲ್ಲಿ ಇಂಗ್ಲೆಂಡಿನಲ್ಲಿ ನೂರಾರು ಬಗೆಯ ತಿನಿಸುಗಳನ್ನು ಅಂಗಡಿಗಳಿಂದ ವಾಪಸು ತೆಗೆಸಿದರು. 2024ರ ಏಪ್ರಿಲಿನಲ್ಲಿ ನಮ್ಮ ದೇಶದ ಕೆಲವು ಮಸಾಲೆ ಪುಡಿಗಳಲ್ಲಿ ಎಥಿಲೀನ್ ಆಕ್ಸೈಡ್ ಎಂಬ ರಾಸಾಯನಿಕ ಸಿಕ್ಕಿತೆಂದು ಹಾಂಗ್‌ಕಾಂಗ್ ಅವುಗಳ ಮಾರಾಟ ನಿಲ್ಲಿಸಿತು. ಎಲ್ಲ ಪೊಟ್ಟಣವೂ ಕೆಟ್ಟದ್ದೆಂದು ಹೆದರಬೇಕಾಗಿಲ್ಲ. ಆದರೆ ಪುಡಿಯಾದ ಮೇಲೆ ಒಳಗೇನಿದೆ ಎಂದು ಕಣ್ಣಿಗೆ ಕಾಣದು. ಇಡೀ ಕಾಳು ಕಣ್ಣಿಗೆ ಕಾಣುತ್ತದೆ, ಮೂಗಿಗೂ ತಿಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯ, ಅಂಗಡಿಯ ಪುಡಿಗೆ ನಿಮ್ಮ ಮನೆಯವರು ಯಾರೆಂದು ತಿಳಿಯದು. ಹೊಟ್ಟೆ ಉರಿಯುವ ಮಾವ, ಖಾರ ತಾಳದ ಮಗು, ಖಾರವಿಲ್ಲದೆ ಊಟ ಸೇರದ ಯಜಮಾನರು, ಇವರೆಲ್ಲರನ್ನೂ ಲೆಕ್ಕಕ್ಕಿಟ್ಟು ಪುಡಿ ಮಾಡಬಲ್ಲವಳು ಆ ಮನೆಯ ಗೃಹಿಣಿ ಒಬ್ಬಳೇ.

ಕೊಳ್ಳುವಾಗ ಕಣ್ಣಿರಲಿ

ಹೊಸ ಮೆಣಸಿನಕಾಯಿ, ಹೊಸ ಧನಿಯ ಪೇಟೆಗೆ ಬರುವುದು ಶಿವರಾತ್ರಿ, ಯುಗಾದಿಯ ಆಸುಪಾಸಿನಲ್ಲಿ. ಬಿಸಿಲೂ ಚೆನ್ನಾಗಿರುತ್ತದೆ. ಆಗ ಆರು ತಿಂಗಳಿಗಾಗುವಷ್ಟು ಇಡಿಯಾಗಿ ಕೊಂಡು ಒಣಗಿಸಿಟ್ಟುಕೊಳ್ಳಿ, ಪುಡಿಯನ್ನು ಮಾತ್ರ ತಿಂಗಳಿಗಾಗುವಷ್ಟೇ ಮಾಡಿ.

ಮೆಣಸಿನಕಾಯಿ: ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೊತ್ತ ಈ ಸುಕ್ಕುಸುಕ್ಕಾದ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಅಲ್ಲಾಡಿಸಿದರೆ ಬೀಜ ಗಲಗಲ ಅನ್ನಬೇಕು. ಒಂದೆರಡನ್ನು ಮುರಿದು ಒಳಗೆ ನೋಡಿ. ಬೂಷ್ಟು ಕಂಡರೆ ಬೇಡವೇ ಬೇಡ. ಸರಿಯಾಗಿ ಒಣಗದ ಕಾಯಿಯಲ್ಲಿ ಬೆಳೆಯುವ ಬೂಷ್ಟಿನ ವಿಷ ಯಕೃತ್ತಿಗೆ ಕೇಡು, ಹುರಿದರೂ ಪೂರ್ತಿ ಹೋಗುವುದಿಲ್ಲ.

ಮೆಣಸು: ಒಂದು ಹಿಡಿ ನೀರಿಗೆ ಹಾಕಿ. ಒಳ್ಳೆಯ ಮೆಣಸು ಮುಳುಗುತ್ತದೆ, ಬೆರೆಸಿದ ಪರಂಗಿ ಬೀಜ ತೇಲುತ್ತದೆ.

ಸಾಸಿವೆ: ಕಾಳು ನುಣುಪಾಗಿರಬೇಕು, ಒತ್ತಿದರೆ ಒಳಗೆ ಹಳದಿ ಕಾಣಬೇಕು. ಹಳದಿ ಹೂವಿನ ಮುಳ್ಳುದತ್ತೂರಿಯ ಬೀಜ ಒರಟು, ಒಳಗೆ ಬಿಳಿ. ಅದು ವಿಷ.

ಅರಿಶಿನ: ಕೊಂಬು ತೀರ ಥಳಥಳ ಹೊಳೆಯುತ್ತಿದ್ದರೆ ಅನುಮಾನಿಸಿ. ಹೊಳಪಿಗಾಗಿ ಸೀಸವಿರುವ ಹಳದಿ ಬಣ್ಣ ಬಳಿಯುವವರಿದ್ದಾರೆ. ಸೀಸ ಮಕ್ಕಳ ಬುದ್ಧಿಯ ಬೆಳವಣಿಗೆಗೇ ಪೆಟ್ಟು. ಮಂಕಾಗಿ ಕಾಣುವ ಕೊಂಬೇ ವಾಸಿ.

ಮನೆಯಲ್ಲಿ ತಕ್ಕಡಿ ಇಲ್ಲವೆಂದು ಯೋಚಿಸಬೇಡಿ. ಕೆಳಗಿನ ತೂಕದ ಚೀಟಿ ಕೊಟ್ಟರೆ ದಿನಸಿ ಅಂಗಡಿಯವರೇ ಬೇರೆಬೇರೆ ಪೊಟ್ಟಣ ಕಟ್ಟಿ ಕೊಡುತ್ತಾರೆ.

ಹುರಿಯುವ ಹದ

ಪುಡಿಯ ಗುಟ್ಟೆಲ್ಲ ಇರುವುದು ಬಾಣಲೆಯಲ್ಲಿ. ಎಲ್ಲವನ್ನೂ ಒಟ್ಟಿಗೆ ಸುರಿದು ಹುರಿಯಬಾರದು. ಧನಿಯ ಬಿಸಿಯಾಗುವಷ್ಟರಲ್ಲಿ ಜೀರಿಗೆ ಸೀದಿರುತ್ತದೆ, ಕಡಲೆಬೇಳೆ ಇನ್ನೂ ಹಸಿಯಾಗಿರುತ್ತದೆ. ದಪ್ಪ ತಳದ ಬಾಣಲೆ, ಸಣ್ಣ ಉರಿ, ಬಿಡದೆ ಆಡಿಸುವ ಕೈ ಈ ಮೂರಿದ್ದರೆ ಸಾಕು. ಒಂದೊಂದಕ್ಕೆ ಒಂದೊಂದು ಗುರುತಿದೆ:

ಬೇಳೆಗಳು: ಮೊದಲು ಇವನ್ನು ಹುರಿಯಿರಿ, ಹೊತ್ತು ಹಿಡಿಯುತ್ತದೆ. ಹೊಂಬಣ್ಣ ಬಂದ ಮೇಲೆ ಒಂದು ಕಾಳು ಕಚ್ಚಿ ನೋಡಿ. ಕರಕ್ ಎಂದು ಮುರಿದು ಒಳಗೂ ಹಸಿ ಇರಬಾರದು. ಒಳಗೆ ಹಸಿ ಉಳಿದರೆ ಪುಡಿಗೆ ಮುಗ್ಗಲು ವಾಸನೆ, ಹುಳ ಬೇಗ ಬರುತ್ತದೆ.

ಧನಿಯ: ಬಣ್ಣ ಒಂದು ಛಾಯೆ ತಿರುಗಿ ಘಮ್ಮೆಂದರೆ ಸಾಕು, ಇಳಿಸಿ.

ಮೆಂತ್ಯ: ಕೆಂಪಗಾಗಬೇಕು, ಕಪ್ಪಗಾಗಬಾರದು. ಇದರ ಮೇಲೆ ಕಣ್ಣಿಟ್ಟೇ ಇರಿ. ನಾಲ್ಕು ಕಾಳು ಸೀದರೂ ಇಡೀ ಡಬ್ಬಿ ಕಹಿ.

ಜೀರಿಗೆ, ಮೆಣಸು, ಸಾಸಿವೆ: ಜೀರಿಗೆ ಬೆಚ್ಚಗಾಗಿ ಪರಿಮಳ ಬಂದರೆ ಆಯಿತು. ಮೆಣಸು ಉಬ್ಬಬೇಕು, ಸಾಸಿವೆ ಸಿಡಿಯಬೇಕು.

ಇಂಗು: ಗಟ್ಟಿ ಇಂಗಾದರೆ ಚೂರು ಎಣ್ಣೆಯಲ್ಲಿ ಅರಳಿಸಿ. ಪುಡಿ ಇಂಗಾದರೆ ಒಲೆ ಆರಿಸಿದ ಮೇಲೆ ಬಿಸಿ ಬಾಣಲೆಗೆ ಹಾಕಿ.

ಕರಿಬೇವು: ತೊಳೆದು ನೆರಳಲ್ಲಿ ಎರಡು ದಿನ ಒಣಗಿಸಿ. ಹುರಿದಾಗ ಬೆರಳಲ್ಲಿ ಉಜ್ಜಿದರೆ ಪುಡಿಯಾಗಬೇಕು. ಹಸಿ ಎಲೆ ಸೇರಿದರೆ ಪುಡಿ ಕೆಡುತ್ತದೆ.

ಮೆಣಸಿನಕಾಯಿ: ಇದು ಕೊನೆಗೆ. ತೊಟ್ಟು ತೆಗೆದು, ನಾಲ್ಕು ತೊಟ್ಟು ಹರಳೆಣ್ಣೆ ಅಥವಾ ಅಡುಗೆ ಎಣ್ಣೆ ಬಿಟ್ಟು ಗರಿಗರಿಯಾಗುವವರೆಗೆ ಬಾಡಿಸಿ. ಕೆಂಪು ಕೆಂಪಾಗಿಯೇ ಉಳಿಯಬೇಕು. ಕಿಟಕಿ ಬಾಗಿಲು ತೆರೆದಿಡಿ, ಮಗುವನ್ನು, ದಮ್ಮಿನ ತೊಂದರೆಯವರನ್ನು ಹೊರಗೆ ಕೂರಿಸಿ.

ಹುರಿದದ್ದೆಲ್ಲ ಅಗಲ ತಟ್ಟೆಯಲ್ಲಿ ಹರಡಿ ಪೂರ್ತಿ ಆರಲಿ. ಬಿಸಿ ಇರುವಾಗಲೇ ಬೀಸಿದರೆ ಒಳಗಿನ ಹಬೆ ನೀರಾಗಿ ಪುಡಿ ಗಂಟು ಕಟ್ಟುತ್ತದೆ.

ದಿನಬಳಕೆಗೆ ನಾಲ್ಕು ಪುಡಿ

1. ತಿಳಿಸಾರಿನ ಪುಡಿ

ಬೇಕಾಗುವ ಸಾಮಗ್ರಿ: ಧನಿಯ 200 ಗ್ರಾಂ, ಬ್ಯಾಡಗಿ ಮೆಣಸಿನಕಾಯಿ 100 ಗ್ರಾಂ, ಗುಂಟೂರು ಮೆಣಸಿನಕಾಯಿ 50 ಗ್ರಾಂ, ಜೀರಿಗೆ 40 ಗ್ರಾಂ, ಮೆಣಸು 25 ಗ್ರಾಂ, ಮೆಂತ್ಯ 15 ಗ್ರಾಂ, ಸಾಸಿವೆ 10 ಗ್ರಾಂ, ಒಣಗಿದ ಕರಿಬೇವು ಎರಡು ಹಿಡಿ, ಅರಿಶಿನ ಪುಡಿ ಎರಡು ಚಮಚ, ಇಂಗು ಕಡಲೆಕಾಳಿನ ಗಾತ್ರ.

ಮಾಡುವ ವಿಧಾನ: ಮೇಲೆ ಹೇಳಿದಂತೆ ಬೇರೆಬೇರೆಯಾಗಿ ಹುರಿದು, ಆರಿಸಿ, ಅರಿಶಿನ ಬೆರೆಸಿ ನುಣ್ಣಗೆ ಪುಡಿ ಮಾಡಿ. ನಾಲ್ಕು ಜನರ ಸಾರಿಗೆ ಎರಡು ಟೊಮ್ಯಾಟೊ, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಎರಡು ಟೀ ಚಮಚ ಪುಡಿ, ಒಂದು ಬಟ್ಟಲು ಬೆಂದ ತೊಗರಿಬೇಳೆ. ಹುಳಿ ಮತ್ತು ಪುಡಿ ಐದು ನಿಮಿಷ ಕುದಿದ ಮೇಲೆ ಬೇಳೆ ಹಾಕಿ, ನೊರೆ ಎದ್ದ ತಕ್ಷಣ ಇಳಿಸಿ.

2. ಹುಳಿಪುಡಿ

ಬೇಕಾಗುವ ಸಾಮಗ್ರಿ: ಧನಿಯ 200 ಗ್ರಾಂ, ಬ್ಯಾಡಗಿ 100 ಗ್ರಾಂ, ಗುಂಟೂರು 50 ಗ್ರಾಂ, ಕಡಲೆಬೇಳೆ 75 ಗ್ರಾಂ, ಉದ್ದಿನಬೇಳೆ 40 ಗ್ರಾಂ, ಜೀರಿಗೆ 20 ಗ್ರಾಂ, ಮೆಂತ್ಯ 15 ಗ್ರಾಂ, ಮೆಣಸು 10 ಗ್ರಾಂ, ಚಕ್ಕೆ ಬೆರಳುದ್ದದ ಎರಡು ಚೂರು, ಕರಿಬೇವು, ಅರಿಶಿನ, ಇಂಗು ಮೇಲಿನಂತೆ.

ಮಾಡುವ ವಿಧಾನ: ಹುರಿದು ಪುಡಿ ಮಾಡಿ. ಬೇಳೆ ಇರುವುದರಿಂದ ಹುಳಿ ತಾನೇ ಗಟ್ಟಿಯಾಗುತ್ತದೆ. ಕೊಬ್ಬರಿಯನ್ನು ಪುಡಿಯೊಳಗೆ ಸೇರಿಸಬೇಡಿ, ಎರಡೇ ವಾರದಲ್ಲಿ ಕಮಟು ವಾಸನೆ ಬರುತ್ತದೆ. ಹುಳಿ ಮಾಡುವ ದಿನ ಎರಡು ಚಮಚ ಹಸಿ ತೆಂಗಿನತುರಿಯನ್ನು ಪುಡಿಯ ಜೊತೆ ಒಂದು ಸುತ್ತು ಅರೆದು ಹಾಕಿ.

3. ಕಾಳುಸಾರಿನ ಖಾರದಪುಡಿ

ಮುದ್ದೆಗೆ ಇದೇ ಸರಿ. ಮಾಗಿಯ ಚಳಿಯಲ್ಲಿ ಅವರೆಕಾಳು ಬಂದಾಗ, ಉಳಿದ ಕಾಲದಲ್ಲಿ ಹುರುಳಿ, ಅಲಸಂದೆ, ಹೆಸರುಕಾಳಿಗೆ. ಮಾಂಸ ಮಾಡುವ ಮನೆಗಳಲ್ಲಿ ಅದಕ್ಕೂ ಆಗುತ್ತದೆ.

ಬೇಕಾಗುವ ಸಾಮಗ್ರಿ: ಧನಿಯ 250 ಗ್ರಾಂ, ಬ್ಯಾಡಗಿ 75 ಗ್ರಾಂ, ಗುಂಟೂರು 75 ಗ್ರಾಂ, ಮೆಣಸು 15 ಗ್ರಾಂ, ಜೀರಿಗೆ 15 ಗ್ರಾಂ, ಚಕ್ಕೆ 5 ಗ್ರಾಂ, ಲವಂಗ ಹತ್ತು, ಅರಿಶಿನ ಎರಡು ಚಮಚ. ಇದಕ್ಕೆ ಬೇಳೆಯೂ ಬೇಡ, ಮೆಂತ್ಯವೂ ಬೇಡ.

ಮಾಡುವ ವಿಧಾನ: ಹುರಿದು ಪುಡಿ ಮಾಡಿ. ಒಂದು ಪಾವು ಕಾಳಿಗೆ ಮೂರು ಟೀ ಚಮಚ ಪುಡಿ, ಒಂದು ಈರುಳ್ಳಿ, ಆರು ಎಸಳು ಬೆಳ್ಳುಳ್ಳಿ, ಕಾಲು ಹೋಳು ತೆಂಗಿನಕಾಯಿ ಅರೆದು ಬೆಂದ ಕಾಳಿಗೆ ಹಾಕಿ ಚೆನ್ನಾಗಿ ಕುದಿಸಿ. ಈರುಳ್ಳಿಯನ್ನು ಒಲೆಯ ಮೇಲೆ ಸುಟ್ಟು ಅರೆದರೆ ರುಚಿ ಇಮ್ಮಡಿ.

4. ಹುಚ್ಚೆಳ್ಳು ಪುಡಿ

ಬೇಕಾಗುವ ಸಾಮಗ್ರಿ: ಹುಚ್ಚೆಳ್ಳು 100 ಗ್ರಾಂ, ಬ್ಯಾಡಗಿ ಎಂಟು, ಬೆಳ್ಳುಳ್ಳಿ ಹತ್ತು ಎಸಳು, ಜೀರಿಗೆ ಒಂದು ಟೀ ಚಮಚ, ಹುಣಸೆಹಣ್ಣು ಗೋಲಿ ಗಾತ್ರ, ಕರಿಬೇವು, ಉಪ್ಪು.

ಮಾಡುವ ವಿಧಾನ: ಹುಚ್ಚೆಳ್ಳಿನಲ್ಲಿ ಮಣ್ಣು, ಕಸ ಹೆಚ್ಚು. ಮೊರದಲ್ಲಿ ಕೇರಿ, ತೊಳೆದು ಒಣಗಿಸಿಕೊಳ್ಳಿ. ಚಟಪಟ ಸಿಡಿಯುವವರೆಗೆ ಹುರಿದು, ಉಳಿದದ್ದನ್ನೂ ಬಾಡಿಸಿ ತರಿತರಿಯಾಗಿ ಕುಟ್ಟಿ. ನುಣ್ಣಗಾದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಬಿಸಿ ಅನ್ನಕ್ಕೆ, ರೊಟ್ಟಿಗೆ, ಬದನೆಕಾಯಿ ಪಲ್ಯದ ಮೇಲೆ ಉದುರಿಸಲಿಕ್ಕೆ ಬಹಳ ಸೊಗಸು. ಬುತ್ತಿಗೆ ಪಲ್ಯವಿಲ್ಲದ ದಿನ ಇದೇ ಆಪದ್ಬಾಂಧವ. ಎರಡು ವಾರದೊಳಗೆ ಮುಗಿಸಿ.

ನಿಮ್ಮ ಮನೆಗೆ ಹೊಂದಿಸಿಕೊಳ್ಳುವುದು

ಮೊದಲ ಎರಡು ಪುಡಿಗಳಲ್ಲಿ ಮೆಣಸಿನಕಾಯಿ ಒಟ್ಟು 150 ಗ್ರಾಂ ಇದೆ. ಆ ಒಟ್ಟು ತೂಕ ಹಾಗೇ ಇಟ್ಟು ಒಳಗಿನ ಪಾಲು ಬದಲಾಯಿಸಿ. ಚಿಕ್ಕ ಮಕ್ಕಳಿದ್ದರೆ ಬ್ಯಾಡಗಿ 130, ಗುಂಟೂರು 20. ಆಗ ಬಣ್ಣ ಕಡಿಮೆಯಾಗದೆ ಖಾರ ಮಾತ್ರ ಇಳಿಯುತ್ತದೆ. ಹೊಟ್ಟೆಯ ತೊಂದರೆಯವರಿದ್ದರೆ ಗುಂಟೂರು ಬಿಟ್ಟೇಬಿಡಿ, ಧನಿಯ, ಜೀರಿಗೆ ಸ್ವಲ್ಪ ಹೆಚ್ಚಿಸಿ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ. ಮೂರು ನಾಲ್ಕನ್ನು ಒಟ್ಟಿಗೆ ಬದಲಾಯಿಸಿದರೆ ರುಚಿ ಕೆಟ್ಟದ್ದು ಯಾವುದರಿಂದ, ಕೂಡಿಬಂದದ್ದು ಯಾವುದರಿಂದ ಎಂದು ಗೊತ್ತಾಗುವುದಿಲ್ಲ.

ಮಿಲ್ಲೋ, ಮಿಕ್ಸಿಯೋ?

ಅರ್ಧ ಕಿಲೋಕ್ಕಿಂತ ಕಡಿಮೆಯಾದರೆ ಮಿಕ್ಸಿ ಸಾಕು. ಒಂದೇ ಸಮನೆ ಓಡಿಸಬೇಡಿ, ಜಾರು ಬಿಸಿಯಾಗಿ ಪರಿಮಳ ಹಾರಿಹೋಗುತ್ತದೆ. ನಿಲ್ಲಿಸಿ ನಿಲ್ಲಿಸಿ ತಿರುಗಿಸಿ, ಜರಡಿ ಹಿಡಿದು, ಉಳಿದ ತರಿಯನ್ನು ಮತ್ತೆ ಹಾಕಿ. ಹೆಚ್ಚು ಮಾಡುವುದಾದರೆ ಮಿಲ್ಲು. ಖಾರ ಬೀಸಲು ಬೇರೆ ಮಿಶನ್ನು ಇಟ್ಟಿರುವ ಮಿಲ್ಲಿಗೇ ಹೋಗಿ. ಹಿಂದಿನವರ ಪುಡಿ ಮಿಶನ್ನಿನಲ್ಲಿ ಉಳಿದಿರುತ್ತದೆ, ಆದ್ದರಿಂದ ಮೊದಲು ಬೀಳುವ ಒಂದು ಹಿಡಿಯನ್ನು ಬೇರೆ ಇಡಿ. ಮಿಲ್ಲಿನ ಪುಡಿ ಬಿಸಿಯಾಗಿರುತ್ತದೆ. ಮನೆಗೆ ತಂದೊಡನೆ ಡಬ್ಬಿಗೆ ತುಂಬದೆ ಶುಭ್ರವಾದ ಬಟ್ಟೆಯ ಮೇಲೆ ಹರಡಿ ಆರಿಸಿ. ಹಳೆಯ ಪತ್ರಿಕೆಯ ಮೇಲೆ ಹರಡುವುದು ಬೇಡ, ಮಸಿ ಹತ್ತುತ್ತದೆ.

ಇಡುವ ಬಗೆ

ಗಾಜಿನ ಬಾಟಲು ಅಥವಾ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಮೇಲು. ದೊಡ್ಡ ಡಬ್ಬಿಯನ್ನು ಕತ್ತಲ ಕಪಾಟಿನಲ್ಲಿಟ್ಟು, ವಾರಕ್ಕಾಗುವಷ್ಟನ್ನು ಸಣ್ಣದರಲ್ಲಿ ತೆಗೆದುಕೊಳ್ಳಿ. ಒಲೆಯ ಪಕ್ಕದ ಗೂಡು ಕೈಗೆ ಹತ್ತಿರವೇನೋ ಹೌದು, ಆದರೆ ಪುಡಿಗೆ ಶತ್ರು. ಕುದಿಯುವ ಪಾತ್ರೆಯ ಮೇಲೆ ಡಬ್ಬಿ ಬಗ್ಗಿಸಿ ಉದುರಿಸಬೇಡಿ, ಹಬೆ ಒಳಗೆ ಹೋಗುತ್ತದೆ. ಒಣ ಚಮಚವನ್ನೇ ಬಳಸಿ. ಬೇಳೆ ಇಲ್ಲದ ಸಾರಿನ ಪುಡಿ, ಖಾರದಪುಡಿ ಎರಡು ಮೂರು ತಿಂಗಳು ಘಮ ಉಳಿಸಿಕೊಳ್ಳುತ್ತವೆ. ಬೇಳೆ ಇರುವ ಹುಳಿಪುಡಿ ಒಂದೂವರೆ ತಿಂಗಳು. ಮಳೆಗಾಲದಲ್ಲಿ ಇದರ ಅರ್ಧವೇ ಮಾಡಿ. ಡಬ್ಬಿಯ ಮೇಲೆ ಮಾಡಿದ ತಾರೀಖು ಅಂಟಿಸಿ.

ಅಳತೆ ಬರೆದಿಡಿ

ಈಗ ಆ ಕಾಗದದ ವಿಷಯ. ನಮ್ಮ ತಾಯಂದಿರು, ಅತ್ತೆಯಂದಿರು ಯಾರೂ ಗ್ರಾಂ ಲೆಕ್ಕದಲ್ಲಿ ಪುಡಿ ಮಾಡಿದವರಲ್ಲ. ‘ಎಷ್ಟು ಹಾಕ್ಬೇಕಮ್ಮಾ?’ ಎಂದರೆ ‘ಇಷ್ಟು’ ಎಂದು ಹಿಡಿ ತೋರಿಸುವರು. ಆ ಹಿಡಿ ಆ ಕೈಯದು. ಕೈ ಹೋದರೆ ಅಳತೆಯೂ ಹೋಯಿತು.

ನಮ್ಮೂರಿನ ಒಂದು ಮನೆಯಲ್ಲಿ ಅತ್ತೆಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಸೊಸೆ ಒಳ್ಳೆಯ ಅಡುಗೆಯವಳೇ, ಆದರೆ ಪುಡಿ ಯಾವತ್ತೂ ಅತ್ತೆಯ ಕೈಯದು. ಡಬ್ಬಿ ಖಾಲಿಯಾಯಿತು. ಆಕೆ ಮಾಡಿದ ಸಾರಿನಲ್ಲಿ ಮಾವ ಸುಮ್ಮನೆ ಎರಡು ತುತ್ತು ಉಂಡು ಏಳತೊಡಗಿದರು. ಬೇಜಾರು ಸಾರಿಗೋ, ಹಾಸಿಗೆ ಹಿಡಿದ ಹೆಂಡತಿಗೋ ಹೇಳುವುದು ಕಷ್ಟ.

ಕೊನೆಗೆ ಸೊಸೆ ಒಂದು ಉಪಾಯ ಮಾಡಿದಳು. ಧನಿಯ, ಮೆಣಸಿನಕಾಯಿ, ಜೀರಿಗೆ ಒಂದೊಂದನ್ನೂ ಒಂದೊಂದು ತಟ್ಟೆಯಲ್ಲಿಟ್ಟು ಅತ್ತೆಯ ಹಾಸಿಗೆಯ ಬಳಿ ತಂದಳು. ಮುದುಕಮ್ಮ ಎಡಗೈಯಿಂದ ಒಂದೊಂದನ್ನೂ ಎತ್ತಿ ಮೊರಕ್ಕೆ ಹಾಕಿದರು. ಹಾಕಿದ್ದನ್ನೆಲ್ಲ ಸೊಸೆ ತೂಗಿ ಮಗನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಮೆಂತ್ಯದ ಸರದಿ ಬಂದಾಗ ಒಂದು ಹಿಡಿ ಹಾಕಿ, ತಲೆ ಅಲ್ಲಾಡಿಸಿ, ಮತ್ತೆ ಒಂದು ಚಿಟಿಕೆ ವಾಪಸು ತೆಗೆದರಂತೆ. ಆ ಚಿಟಿಕೆಯೂ ನೋಟ್‌ಬುಕ್ಕಿನಲ್ಲಿದೆ. ಅತ್ತೆ ಆ ವರ್ಷವೇ ತೀರಿಕೊಂಡರು. ಆದರೆ ಆ ಮನೆಯ ಸಾರು ಇವತ್ತಿಗೂ ಅದೇ ಸಾರು. ಮೊನ್ನೆ ಮಗಳ ಮದುವೆಯಲ್ಲಿ ಆ ಪುಟದ ನಕಲನ್ನು ಮಗಳ ಪೆಟ್ಟಿಗೆಯಲ್ಲಿ ಇಟ್ಟು ಕಳಿಸಿದಳು.

ಎಲ್ಲರಿಗೂ ಇಂಥ ಅವಕಾಶ ಸಿಗುವುದಿಲ್ಲ. ನಿಮ್ಮ ಅಮ್ಮನೋ ಅತ್ತೆಯೋ ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವಾಗಲೇ ಪಕ್ಕದಲ್ಲಿ ಕೂತು ಅವರ ಹಿಡಿಯನ್ನು ತೂಗಿಕೊಳ್ಳಿ. ಅತ್ತೆ ಸೊಸೆಯರಿಗೆ ಮಾತು ಕಡಿಮೆಯಿರುವ ಮನೆಯಲ್ಲೂ ‘ನಿಮ್ಮ ಪುಡಿ ಹೇಳಿಕೊಡಿ’ ಎಂದರೆ ಇಲ್ಲವೆನ್ನುವ ಅತ್ತೆ ಅಪರೂಪ. ಗಂಡುಮಕ್ಕಳಿಗೂ ಹೇಳಿಕೊಡಿ. ಬೆಂಗಳೂರಿನ ರೂಮಿನಲ್ಲಿ ಒಬ್ಬನೇ ಇರುವ ಹುಡುಗನಿಗೆ ಒಂದು ಬಾಟಲು ಪುಡಿ, ಒಂದು ಚೀಟಿ ಇದ್ದರೆ ಹೋಟೆಲಿನ ಖರ್ಚು ಉಳಿಯುತ್ತದೆ.

ನಾಲ್ಕು ಕಾಸೂ ಆದೀತು

ಗಣಿ ಮುಚ್ಚಿ ಗಂಡನ ಕೆಲಸ ಹೋದಾಗ ಪುಡಿ ಮಾರಿ ಇಬ್ಬರು ಮಕ್ಕಳನ್ನು ಓದಿಸಿದ ಹೆಂಗಸೊಬ್ಬರು ನನಗೆ ಪರಿಚಯ. ಅವರು ಹೇಳುವುದು ಮೂರೇ ಮಾತು. ಪ್ರತಿ ಸಲವೂ ತೂಗಿಯೇ ಮಾಡಬೇಕು, ಕೊಂಡವರು ಎರಡನೆಯ ಸಲ ಬರುವುದು ಮೊದಲ ಸಲದ ರುಚಿ ಹುಡುಕಿಕೊಂಡು. ಸಾಮಾನಿನ ಬೆಲೆಯ ಜೊತೆ ಗ್ಯಾಸು, ಮಿಲ್ಲಿನ ಕೂಲಿ, ಪೊಟ್ಟಣ, ನಿಮ್ಮ ಕೈಗೆಲಸದ ಕೂಲಿಯನ್ನೂ ಸೇರಿಸಿ ಬೆಲೆ ಕಟ್ಟಬೇಕು. ನೆಂಟರಾದರೂ ಸಾಲ ಕೊಡಬಾರದು!

ಇದಕ್ಕೆ ನಾನು ಸೇರಿಸುವುದು ಒಂದು. ಸಣ್ಣ ಪ್ರಮಾಣದಲ್ಲಿ ಮಾರುವವರೂ ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಿಕೊಳ್ಳಬೇಕೆಂದು ಕಾನೂನು. ಪೊಟ್ಟಣದ ಮೇಲೆ ಸಾಮಗ್ರಿ, ತೂಕ, ಮಾಡಿದ ದಿನ, ಬಳಸಬೇಕಾದ ಅವಧಿ, ನೋಂದಣಿ ಸಂಖ್ಯೆ ಇರಬೇಕು. ನಿಮ್ಮೂರಿನ ಸ್ತ್ರೀಶಕ್ತಿ ಸಂಘದಲ್ಲಿ ವಿಚಾರಿಸಿದರೆ ದಾರಿ ತೋರಿಸುತ್ತಾರೆ.

ಈ ತಿಂಗಳು ಮೊದಲಿಗೆ ಸಾರಿನ ಪುಡಿ ಒಂದನ್ನೇ ಮಾಡಿ ನೋಡಿ. ಅರ್ಧ ಅಳತೆ ಸಾಕು. ಮನೆಯವರು ಏನೆಂದರು, ಖಾರ ಹೆಚ್ಚಾಯಿತೋ, ಮೆಂತ್ಯ ಮುಂದಾಯಿತೋ ಎಂಬುದನ್ನು ಅದೇ ಚೀಟಿಯ ಕೆಳಗೆ ಬರೆಯಿರಿ. ಮುಂದಿನ ತಿಂಗಳು ಅದರಂತೆ ತಿದ್ದಿ. ಮೂರು ನಾಲ್ಕು ಸಲ ತಿದ್ದುವಷ್ಟರಲ್ಲಿ ನಾನು ಕೊಟ್ಟ ಅಳತೆ ಅಳಿಸಿಹೋಗಿ ಅಲ್ಲಿ ನಿಮ್ಮ ಮನೆಯ ಅಳತೆ ಬಂದಿರುತ್ತದೆ. ಆ ಚೀಟಿಯನ್ನು ಮಾತ್ರ ಜೋಪಾನವಾಗಿಡಿ.